ರಾಜೀನಾಮೆಗೊಂದು ತಾರೀಖು

ಕೆಲಸ ಬಿಡುವ ವಿಚಾರದಲ್ಲಿ ಎರಡು ಪ್ರಶ್ನೆಗಳಿವೆ. ಬಿಡಬೇಕೇ ಎನ್ನುವುದು ಮೊದಲನೆಯದು. ಬಿಡುವುದಾದರೆ ಯಾವತ್ತು ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸಿಗಬೇಕಾದದ್ದು ಕೆಲಸದಲ್ಲೇ: ಅಲ್ಲಿ ಕಲಿಯುವುದು ಇನ್ನೂ ಉಳಿದಿದೆಯೇ, ಮೇಲಕ್ಕೆ ಹೋಗಲು ದಾರಿ ಇದೆಯೇ, ಮೈಮನಸ್ಸು ತಡೆದುಕೊಳ್ಳುತ್ತಿದೆಯೇ. ಎರಡನೆಯದಕ್ಕೆ ಉತ್ತರ ಕೊಡಬೇಕಾದದ್ದು ಲೆಕ್ಕದ ಪುಸ್ತಕ: ಸೇವೆಗೆ ಎಷ್ಟು ವರ್ಷವಾಯಿತು, ಬೋನಸ್ಸು ಕೈಗೆ ಬರುವುದು ಯಾವಾಗ, ಸ್ಕೂಲ್ ಫೀಸು ಕಟ್ಟುವುದು ಯಾವ ತಿಂಗಳು. ಲೋಕದಲ್ಲಿ ನಡೆಯುವುದು ಬಹಳ ಸಲ ಇದರ ತಿರುವುಮುರುವು. ಬಿಡಬೇಕೇ ಬೇಡವೇ ಎಂಬುದನ್ನು ಮನೆ ಸಾಲದ ಕಂತು ತೀರ್ಮಾನಿಸುತ್ತದೆ. ಯಾವತ್ತು ಎಂಬುದನ್ನು ಸಿಟ್ಟು ತೀರ್ಮಾನಿಸುತ್ತದೆ. ನಾಲ್ಕು ವರ್ಷದಿಂದ ಒಲ್ಲದ ಕುರ್ಚಿಯಲ್ಲಿ ಹಲ್ಲುಕಚ್ಚಿ ಕೂತವರು ಒಂದು ಸೋಮವಾರ ಮ್ಯಾನೇಜರು ಆಡಿದ ಒಂದೇ ಮಾತಿಗೆ ಎದ್ದು ಹೊರಡುತ್ತಾರೆ. ಗ್ರಾಚ್ಯುಟಿಗೆ ಆಗ ಎಂಟೇ ತಿಂಗಳು ಬಾಕಿ ಇರುತ್ತದೆ.

ರಾಜೀನಾಮೆ ಎಂಬ ಮಾತು ಕನ್ನಡಕ್ಕೆ ಬಂದಿದ್ದು ಫಾರ್ಸಿಯಿಂದ. ರಾಜಿ ಎಂದರೆ ಒಪ್ಪಿಗೆಯುಳ್ಳ, ನಾಮೆ ಎಂದರೆ ಬರೆದ ಪತ್ರ. ಪಂಚಾಯಿತಿಯಲ್ಲಿ ಆಗುವ ರಾಜಿಯೂ ಇದೇ ರಾಜಿ. ಹಳೆಯ ಕಂದಾಯ ದಫ್ತರಗಳಲ್ಲಿ ಈ ಮಾತಿಗೆ ನೌಕರಿಯ ನಂಟೇ ಇರಲಿಲ್ಲ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆಯ ರೈತ ತನ್ನ ಹೆಸರಿನ ಸರ್ವೆ ನಂಬರನ್ನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದುದು ರಾಜೀನಾಮೆ. ಅದೇ ಜಮೀನನ್ನು ವಹಿಸಿಕೊಳ್ಳುವವನು ಬರೆದುಕೊಡುತ್ತಿದ್ದುದು ಕಬೂಲಾಯತು. ಎರಡು ಕಾಗದವೂ ಜೋಡಿಯಾಗಿ ಓಡಾಡುತ್ತಿದ್ದವು. ನೌಕರಿಯ ಲೋಕಕ್ಕೆ ಬಂದಮೇಲೆ ರಾಜೀನಾಮೆ ಮಾತ್ರ ಉಳಿಯಿತು, ಕಬೂಲಾಯತು ಮರೆತುಹೋಯಿತು. ಬಿಟ್ಟಮೇಲೆ ಕೈ ಯಾವುದನ್ನು ಹಿಡಿಯುತ್ತದೆ ಎಂಬ ಪ್ರಶ್ನೆಯೂ ಅದರ ಜತೆಗೇ ಹಿಂದೆ ಸರಿಯಿತು.

ಬಿಡಬೇಕೇ ಎಂಬ ಪ್ರಶ್ನೆ

ದಣಿವು ಎಲ್ಲ ಕೆಲಸದಲ್ಲೂ ಇದ್ದದ್ದೇ. ಮಾರ್ಚ್ ತಿಂಗಳ ಬ್ಯಾಂಕಿನಲ್ಲಿ, ಸುಗ್ಗಿಯ ಕಾಲದ ಎ.ಪಿ.ಎಂ.ಸಿ. ಮಂಡಿಯಲ್ಲಿ, ಪರೀಕ್ಷೆಯ ಮೌಲ್ಯಮಾಪನ ಕೇಂದ್ರದಲ್ಲಿ ದಣಿಯದವರಿಲ್ಲ. ರಜೆ ಹಾಕಿ ಊರಿನ ಜಾತ್ರೆಗೆ ಹೋಗಿಬಂದರೆ ಹೋಗುವ ದಣಿವು ಒಂದು ಬಗೆ. ಜಾತ್ರೆಯಿಂದ ಬಂದ ದಿನ ಮಧ್ಯಾಹ್ನದೊಳಗೇ ಮತ್ತೆ ಮೈಮೇಲೆ ಕೂರುವ ದಣಿವು ಇನ್ನೊಂದು ಬಗೆ. ಎರಡನೆಯದನ್ನು ಇಂಗ್ಲಿಷಿನಲ್ಲಿ ಬರ್ನೌಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ಸೇರಿಸಿತು, ಆದರೆ ರೋಗ ಎಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು. ಸಂಸ್ಥೆ ಹೇಳುವ ಲಕ್ಷಣ ಮೂರು: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಎಲ್ಲದರಲ್ಲೂ ಕೊಂಕು ಕಾಣುವುದು, ಮಾಡಿದ ಕೆಲಸ ಮೊದಲಿನಂತೆ ಕೈಗೂಡದೆ ಇರುವುದು. ಮೂರನ್ನೂ ಒಟ್ಟಿಗೆ ನೋಡಬೇಕು. ಬರೀ ಸುಸ್ತು ಇದ್ದರೆ ಬೇಕಾದದ್ದು ರಜೆ. ಬರೀ ಕೊಂಕು ಇದ್ದರೆ ಅದು ಎಷ್ಟೋ ಕಚೇರಿಗಳ ಕ್ಯಾಂಟೀನಿನ ಮಾಮೂಲಿ ಹವಾಮಾನ. ಮೂರನೆಯದು ಗಂಭೀರ. ಹದಿನೈದು ವರ್ಷ ಲೆಕ್ಕ ಬರೆದ ಕೈ ಒಂದು ಸಾಮಾನ್ಯ ಕೂಡಿಕೆಯಲ್ಲಿ ಎರಡೆರಡು ಸಲ ತಪ್ಪತೊಡಗಿದರೆ, ತಪ್ಪು ಕೈಯದ್ದಲ್ಲ.

ಇನ್ನೊಂದು ಗುರುತು ಕಲಿಕೆ ನಿಂತುಹೋಗುವುದು. ಹತ್ತು ವರ್ಷದ ಅನುಭವ ಎಂದು ಹೇಳಿಕೊಳ್ಳುವವರಲ್ಲಿ ಹಲವರದು ಒಂದು ವರ್ಷದ ಅನುಭವ, ಹತ್ತು ಸಲ ಮಾಡಿದ್ದು. ಇದನ್ನು ತಿಳಿಯಲು ಸುಲಭದ ದಾರಿಯಿದೆ. ಎರಡು ವರ್ಷದ ಹಿಂದೆ ಬರೆದಿಟ್ಟ ಬಯೋಡೇಟಾ ತೆಗೆದು, ಅದಕ್ಕೆ ಹೊಸದಾಗಿ ಒಂದು ಸಾಲು ಸೇರಿಸಲು ಕೂತರೆ ಸಾಕು. ಸೇರಿಸಲು ಏನೂ ಸಿಗದಿದ್ದರೆ ಆ ಎರಡು ವರ್ಷ ಸಂಬಳಕ್ಕೆ ಸಂದಿದೆ, ಕಸುಬಿಗೆ ಸಂದಿಲ್ಲ. ಸಂಬಳಕ್ಕಾಗಿಯೇ ದುಡಿಯುವುದರಲ್ಲಿ ತಪ್ಪಿಲ್ಲ. ಮನೆಯಲ್ಲಿ ಆರು ಬಾಯಿಗಳಿದ್ದಾಗ ಕಲಿಕೆಯ ಮಾತು ಶೋಕಿಯಂತೆ ಕೇಳುತ್ತದೆ. ಆದರೆ ಮಾರುಕಟ್ಟೆಗೆ ಕನಿಕರವಿಲ್ಲ. ಕಸುಬು ಹಳತಾದವರ ಸಂಬಳವೂ ಒಂದು ದಿನ ನಿಲ್ಲುತ್ತದೆ, ಆಗ ಬಿಡುವ ತಾರೀಖನ್ನು ಬೇರೆಯವರು ಗೊತ್ತುಮಾಡುತ್ತಾರೆ.

ಕೆಲಸ ಬೇಡವಾಗಿದೆಯೇ, ಮೇಲಧಿಕಾರಿ ಬೇಡವಾಗಿದ್ದಾರೆಯೇ ಎಂಬುದನ್ನು ಬಿಡಿಸಿ ನೋಡುವುದು ಈ ಹಂತದ ಕಷ್ಟದ ಭಾಗ. ಮೇಲಧಿಕಾರಿಗೆ ವರ್ಗವಾಗುತ್ತದೆ, ಕೆಲಸದ ಸ್ವಭಾವಕ್ಕೆ ವರ್ಗವಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಒಂದು ಸಣ್ಣ ಪುಸ್ತಕ ಈ ವಿಷಯದಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಹದಗೆಡುತ್ತಿರುವ ಸಂಸ್ಥೆಯಲ್ಲಿ ಇರುವವರಿಗೆ ಎರಡು ದಾರಿ: ಹೊರಗೆ ಹೋಗುವುದು, ಇಲ್ಲವೇ ಒಳಗಿದ್ದು ದನಿಯೆತ್ತುವುದು. ನಿಷ್ಠೆ ಎಂಬುದು ಇವೆರಡರ ನಡುವೆ ನಿಂತು ಹೋಗುವುದನ್ನು ತಡಮಾಡಿಸುತ್ತದೆ. ಹಳ್ಳಿಯ ಹಿರಿಯರು ‘ಒಂದು ಮಾತು ಹೇಳಿ ನೋಡು, ಕೇಳದಿದ್ದರೆ ಬಿಡು’ ಎನ್ನುವುದೂ ಇದನ್ನೇ. ಆದರೆ ನಮ್ಮ ಕಚೇರಿಗಳಲ್ಲಿ ಹೇಳಿ ನೋಡುವ ಮೆಟ್ಟಿಲನ್ನೇ ಹಾರಿಬಿಡುವವರು ಬಹಳ. ಟೀ ಅಂಗಡಿಯ ಮುಂದೆ ವರ್ಷಗಟ್ಟಲೆ ಹೇಳಿಕೊಂಡ ದೂರು ಹೇಳಬೇಕಾದ ಬಾಗಿಲ ಒಳಗೆ ಒಂದು ಸಲವೂ ಹೋಗಿರುವುದಿಲ್ಲ. ಕೊನೆಯ ದಿನ ಎಚ್.ಆರ್. ವಿಭಾಗದವರು ಕೊಡುವ ಎಕ್ಸಿಟ್ ಇಂಟರ್‌ವ್ಯೂ ಫಾರಂನಲ್ಲಿ ಅದನ್ನು ಬರೆದರೆ ಓದುವವರು ಯಾರು?

ತಪ್ಪು ದಾರಿ ತೋರುವ ಗುರುತುಗಳೂ ಇವೆ. ಜತೆಯಲ್ಲಿ ಓದಿದವನ ಪ್ಯಾಕೇಜು ಎಷ್ಟು ಎಂದು ತಿಳಿದ ರಾತ್ರಿ ನಿದ್ದೆ ಬಾರದಿರುವುದು ಬಿಡುವುದಕ್ಕೆ ಕಾರಣವಲ್ಲ. ‘ಉಪ್ಪು ತಿಂದ ಮನೆ’ ಎಂಬ ಮಾತು ಉಳಿಯುವುದಕ್ಕೆ ಕಾರಣವಲ್ಲ. ಸಂಬಳ ಉಪ್ಪಿನ ಋಣವಲ್ಲ, ದುಡಿದದ್ದರ ಬೆಲೆ. ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಅಪ್ಪ ಕೆಲಸ ಬಿಟ್ಟರೆ ಬೀಗರು ಏನೆಂದಾರು ಎಂಬ ಅಳುಕು ಮಾತ್ರ ಅರ್ಧ ನಿಜದ ಅಳುಕು. ಅದು ತಾರೀಖನ್ನು ಮುಂದೂಡಲು ಸಾಕು, ತೀರ್ಮಾನವನ್ನು ಬದಲಿಸಲು ಸಾಲದು. ರಾಜೀನಾಮೆ ಕೊಟ್ಟಮೇಲೆ ಕಂಪನಿ ಸಂಬಳ ಏರಿಸುತ್ತೇವೆ ಇರಿ ಎನ್ನುವುದೂ ಉಂಟು. ಕೊರತೆ ಸಂಬಳದ್ದೇ ಆಗಿದ್ದರೆ ಅದಕ್ಕೆ ಒಪ್ಪಬಹುದು. ಕಲಿಕೆಯದ್ದೋ ಮರ್ಯಾದೆಯದ್ದೋ ಆಗಿದ್ದರೆ ಏರಿದ ಸಂಬಳ ಅದೇ ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ, ಅಷ್ಟೇ.

ತಕ್ಕಡಿ ಸಮನಾಗಿ ತೂಗುವಾಗ ಏನು ಮಾಡಬೇಕು? ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇದಕ್ಕೊಂದು ವಿಚಿತ್ರ ಪ್ರಯೋಗ ನಡೆಸಿದರು. ಕೆಲಸ ಬಿಡಬೇಕೇ ಬೇಡವೇ ಎಂಬಂಥ ಪ್ರಶ್ನೆಗಳಲ್ಲಿ ಸಿಕ್ಕಿಕೊಂಡವರು ಕಂಪ್ಯೂಟರಿನಲ್ಲಿ ನಾಣ್ಯ ಚಿಮ್ಮಿಸಿ ನೋಡುವ ಏರ್ಪಾಟು ಅದು. 20 ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ದೊಡ್ಡ ತೀರ್ಮಾನಗಳಲ್ಲಿ ಬದಲಾವಣೆಯ ಕಡೆಗೆ ಹೋದವರು ಆರು ತಿಂಗಳ ಬಳಿಕ, ಇದ್ದಲ್ಲೇ ಇದ್ದವರಿಗಿಂತ ಹೆಚ್ಚು ಸಂತೋಷವಾಗಿದ್ದೇವೆ ಎಂದರು. ಇದನ್ನು ಓದಿ ನಾಳೆಯೇ ನಾಣ್ಯ ಹುಡುಕಬೇಕಿಲ್ಲ. ನಾಣ್ಯದ ಮೊರೆ ಹೋಗುವಷ್ಟು ಮನಸ್ಸು ಡೋಲಾಯಮಾನವಾಗಿದ್ದವರಲ್ಲಿ ಉಳಿಯುವ ಕಡೆಗೆ ತೂಕ ಹೆಚ್ಚು ಬಿದ್ದಿರುತ್ತದೆ ಎಂಬುದಷ್ಟೇ ಅದರಿಂದ ತಿಳಿಯುವ ಮಾತು.

ಬಿಟ್ಟವರಿಬ್ಬರು

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಅಣೆಕಟ್ಟು ಕಟ್ಟಿದವರೆಂದು ನೆನೆಯುವವರು, ಅವರು ದೊಡ್ಡ ದೊಡ್ಡ ಕುರ್ಚಿಗಳನ್ನು ಬಿಟ್ಟವರೂ ಹೌದು ಎಂಬುದನ್ನು ಮರೆಯುತ್ತಾರೆ. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ನಾಸಿಕ್, ಧುಲೆ, ಸಿಂಧ್‌ನ ಸಕ್ಕರ್, ಸೂರತ್, ಪುಣೆ ಸುತ್ತಿದರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿದರು. ಹಲವು ಹಿರಿಯರನ್ನು ದಾಟಿ ಸೂಪರಿಂಟೆಂಡಿಂಗ್ ಎಂಜಿನಿಯರ್ ಆದರು. ಮುಂದಿನದು ಚೀಫ್ ಎಂಜಿನಿಯರ್ ಹುದ್ದೆ. ಅದು ಆ ಕಾಲದಲ್ಲಿ ಭಾರತೀಯರ ಕೈಗೆಟುಕುವಂಥದ್ದಾಗಿರಲಿಲ್ಲ. ದಾರಿ ಎಲ್ಲಿ ಮುಚ್ಚಿದೆ ಎಂಬುದು ಸ್ಪಷ್ಟವಾದ ಮೇಲೆ ಅವರು 1908ರಲ್ಲಿ ಸೇವೆಯಿಂದ ಹೊರಬಂದರು. ಆಗ ವಯಸ್ಸು 47ರ ಆಸುಪಾಸು. ಪಿಂಚಣಿಗೆ 25 ವರ್ಷದ ಸೇವೆ ಬೇಕಿತ್ತು, ಅವರದು ಅಷ್ಟು ತುಂಬಿರಲಿಲ್ಲ. ಸರ್ಕಾರ ಅವರ ಕೆಲಸ ನೋಡಿ ಪಿಂಚಣಿ ಮಂಜೂರು ಮಾಡಿತು. ಬಿಡಬೇಕೇ ಎಂಬುದಕ್ಕೆ ಕೆಲಸವೇ ಉತ್ತರ ಕೊಟ್ಟಿತ್ತು. ಲೆಕ್ಕ ಒಂದಿಷ್ಟು ಕಡಿಮೆ ಬಿದ್ದಿತ್ತು. ಅದನ್ನು ತುಂಬಿದ್ದು ಕೆಲಸದಿಂದ ಬಂದ ಹೆಸರು.

ಬಿಟ್ಟವರು ಸುಮ್ಮನೆ ಕೂರಲಿಲ್ಲ, ಹೊರದೇಶಗಳ ಪ್ರವಾಸಕ್ಕೆ ಹೊರಟರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿತು. ನಿಜಾಮ್ ಸರ್ಕಾರ ಅವರನ್ನು ಕರೆಸಿಕೊಂಡಿತು. 1909ರಲ್ಲಿ ಅಲ್ಲಿ ಕೆಲವು ತಿಂಗಳು ಪ್ರವಾಹ ತಡೆಯುವ ಯೋಜನೆ ರೂಪಿಸಿ, ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. ಬರುವ ಮೊದಲು ಕೈಗಾರಿಕೆ ಮತ್ತು ಶಿಕ್ಷಣದ ಕೆಲಸಕ್ಕೆ ಅವಕಾಶ ಇರುತ್ತದೆಯೇ ಎಂದು ವಿಚಾರಿಸಿಕೊಂಡೇ ಒಪ್ಪಿದರು. ಮುಂಬೈಯಲ್ಲಿ ಮುಚ್ಚಿದ್ದ ಹುದ್ದೆ ಮೈಸೂರಿನಲ್ಲಿ ತೆರೆಯಿತು. 1912ರಲ್ಲಿ ದಿವಾನರೂ ಆದರು.

ಎರಡನೆಯ ಸಲ ಬಿಟ್ಟದ್ದರ ಕಾರಣ ಬೇರೆ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಕೊಡುವ ವಿಚಾರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ದಿವಾನರಿಗೂ ಅಭಿಪ್ರಾಯ ಕೂಡಲಿಲ್ಲ. 1918ರಲ್ಲಿ ಇದೇ ವಿಚಾರವನ್ನು ಪರಿಶೀಲಿಸಲು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ವರ್ಷದ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿಯಿಂದ ಹೊರಬಂದರು. ವಾದದಲ್ಲಿ ಇತಿಹಾಸ ಅವರ ಕಡೆ ನಿಲ್ಲಲಿಲ್ಲ. ಮಿಲ್ಲರ್ ಸಮಿತಿ ತೋರಿದ ಪ್ರಾತಿನಿಧ್ಯದ ದಾರಿಯೇ ಮುಂದೆ ಈ ನಾಡಿನ ದಾರಿಯಾಯಿತು. ಆದರೆ ಬಿಟ್ಟ ರೀತಿಯಲ್ಲಿ ಹುಳುಕಿಲ್ಲ. ತನಗೆ ಒಪ್ಪದ ನೀತಿಯನ್ನು ಜಾರಿಗೆ ತರುವ ಕುರ್ಚಿಯಲ್ಲಿ ಕೂತು ಅದನ್ನು ಒಳಗಿಂದ ಎಳೆದಾಡುವುದಕ್ಕಿಂತ, ಒಪ್ಪುವವರಿಗೆ ಕುರ್ಚಿ ಬಿಟ್ಟುಕೊಡುವುದು ನೇರ. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋದವರು ವಾಪಸು ಬರುವಾಗ ಸ್ವಂತ ಕಾರಿನಲ್ಲಿ ಬಂದರು ಎಂಬ ಕಥೆ ಶಾಲೆಯ ಭಾಷಣಗಳಲ್ಲಿ ಇಂದಿಗೂ ಓಡುತ್ತದೆ. ಅದಕ್ಕಿಂತ ಗಮನಿಸಬೇಕಾದದ್ದು, ಅರಮನೆಯ ಜತೆ ಸಂಬಂಧ ಕಡಿಯದೆ ಇದ್ದದ್ದು. ಕೆಲವೇ ವರ್ಷಗಳಲ್ಲಿ ಅದೇ ಮೈಸೂರು ಸರ್ಕಾರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಗೆ ಅವರನ್ನು ಅಧ್ಯಕ್ಷರಾಗಿ ಕರೆಯಿತು, ಅವರು ಹೋದರು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರದು ಮನಸ್ಸು ನೊಂದ ರಾಜೀನಾಮೆ. ಮೈಸೂರು ಸಿವಿಲ್ ಸರ್ವಿಸಿನಲ್ಲಿ ಅಸಿಸ್ಟೆಂಟ್ ಕಮಿಷನರಿಂದ ಮೇಲೇರಿ ಜಿಲ್ಲೆಯ ಆಡಳಿತ ನಡೆಸಿದವರು. ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ಸಿಕ್ಕಾಗ 1943ರಲ್ಲಿ ನೌಕರಿ ಬಿಟ್ಟರು. ಸಿಟ್ಟಿನಲ್ಲಿ ಬಿಟ್ಟರೂ ಕೈ ಬರಿದಾಗಿರಲಿಲ್ಲ. ಮೂರು ದಶಕದಿಂದ ಕಚೇರಿಯ ಪಕ್ಕದಲ್ಲೇ ಬೆಳೆಸಿಕೊಂಡು ಬಂದ ಬರವಣಿಗೆ ಕಾದು ಕೂತಿತ್ತು. ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವ, 1956ರಲ್ಲಿ ‘ಚಿಕವೀರ ರಾಜೇಂದ್ರ’ ಬಂದವು. 1983ರ ಜ್ಞಾನಪೀಠವೂ ಆ ಕಾದಂಬರಿಯ ನೆಪದಲ್ಲೇ ಬಂತು. 1986ರಲ್ಲಿ ತೀರಿಕೊಳ್ಳುವ ವೇಳೆಗೆ ನೌಕರಿಯಲ್ಲಿದ್ದ ವರ್ಷಗಳಿಗಿಂತ ನೌಕರಿ ಬಿಟ್ಟಮೇಲಿನ ವರ್ಷಗಳೇ ಹೆಚ್ಚಾಗಿದ್ದವು. ಹಳೆಯ ಕಂದಾಯದ ಮಾತಿನಲ್ಲಿ ಹೇಳುವುದಾದರೆ, ಕಬೂಲಾಯತು ಮೊದಲೇ ಬರೆದಿಟ್ಟಿದ್ದ ರಾಜೀನಾಮೆ ಅದು.

ಬಿಡಲೇಬೇಕಾದವರು

ಆಯ್ಕೆಯ ಮಾತೆಲ್ಲ ಆಯ್ಕೆ ಇರುವವರಿಗೆ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳ ಪಾಲಿಗೆ ಕೆಲಸ ಬಿಡುವುದು ಎಂದರೆ ಬಹಳ ಸಲ ಕೂಡಿಟ್ಟ ದುಡ್ಡು ಬಿಡಿಸಿಕೊಳ್ಳುವುದು. ಮಗಳ ಕಾಲೇಜು ಫೀಸು, ಗಂಡನ ಆಪರೇಷನ್, ಊರಿನ ಮನೆಗೆ ಆರ್.ಸಿ.ಸಿ. ಹಾಕಿಸುವುದು ಹೀಗೆ ಏನೋ ಒಂದು ಬರುತ್ತದೆ. ಬ್ಯಾಂಕು ಸಾಲ ಕೊಡುವುದಿಲ್ಲ, ಬಡ್ಡಿಯವರ ಹತ್ತಿರ ಹೋಗಲು ಭಯ. ಸ್ವಂತದ್ದು ಎಂದು ಇರುವುದು ಪಿ.ಎಫ್. ಒಂದೇ. ಕೆಲಸದಲ್ಲಿದ್ದುಕೊಂಡು ಅದನ್ನು ಪೂರ್ತಿ ತೆಗೆಯಲು ಬರುವುದಿಲ್ಲ. ಹಾಗಾಗಿ ರಾಜೀನಾಮೆ ಕೊಟ್ಟು, ದುಡ್ಡು ಕೈಗೆ ಬಂದಮೇಲೆ ಪಕ್ಕದ ಗೇಟಿನ ಕಾರ್ಖಾನೆಗೆ ಹೊಸಬಳಂತೆ ಸೇರುವುದು ಇಲ್ಲಿ ಬಹುಕಾಲದ ರೂಢಿ.

ಈ ರೂಢಿಯ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಗ್ರಾಚ್ಯುಟಿ ಬರುವುದು ಒಂದೇ ಸಂಸ್ಥೆಯಲ್ಲಿ ಸತತವಾಗಿ 5 ವರ್ಷ ದುಡಿದ ಮೇಲೆ. ವರ್ಷಕ್ಕೆ 15 ದಿನದ ಕೂಲಿ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಇದ್ದರೆ ದಿನದ ಕೂಲಿ 500, ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ನಾಲ್ಕು ವರ್ಷ ಮೂರು ತಿಂಗಳಿಗೆ ಪಿ.ಎಫ್. ತೆಗೆಯಲು ಬಿಟ್ಟವಳಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಪಕ್ಕದ ಕಾರ್ಖಾನೆಯಲ್ಲಿ ಎಣಿಕೆ ಮತ್ತೆ ಒಂದರಿಂದ ಶುರು. ಇಪ್ಪತ್ತು ವರ್ಷ ಮೆಷಿನ್ನಿನ ಮುಂದೆ ಕೂತವಳ ಕೈಯಲ್ಲಿ ಗ್ರಾಚ್ಯುಟಿ ಎಂಬುದೇ ಇಲ್ಲದಿರಬಹುದು.

2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಲು ಬಾರದು ಎಂಬ ಅಧಿಸೂಚನೆ ಹೊರಡಿಸಿತು. ಮುಪ್ಪಿಗೆ ಇರಲಿ ಎಂಬುದು ಸರ್ಕಾರದ ವಾದ. ಮುಪ್ಪಿನವರೆಗೆ ಈ ಕೆಲಸದಲ್ಲಿ ಇರುವವರು ಯಾರು ಎಂಬುದು ಹೊಲಿಯುವವರ ಪ್ರಶ್ನೆ. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳಿಂದ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ಕಿಚ್ಚು ನಗರದ ಬೇರೆ ಕಡೆಗಳಿಗೂ ಹಬ್ಬಿತು. ಕಲ್ಲು ತೂರಾಟ, ವಾಹನಗಳಿಗೆ ಬೆಂಕಿ, ಲಾಠಿ ಎಲ್ಲವೂ ನಡೆದವು. ಅಂದು ಸಂಜೆಯೊಳಗೆ ಕೇಂದ್ರ ಅಧಿಸೂಚನೆಯನ್ನು ಹಿಂದೆಗೆದುಕೊಂಡಿತು. ಕೆಲಸ ಬಿಟ್ಟು ತಮ್ಮ ದುಡ್ಡು ತೆಗೆದುಕೊಳ್ಳುವ ಹಕ್ಕಿಗಾಗಿ ಕೆಲಸಗಾರರು ಬೀದಿಗಿಳಿದ ಇಂಥ ಚಳವಳಿ ಅಪರೂಪ.

ಬಿಡಲೇಬೇಕಾಗಿ ಬರುವ ಇನ್ನೊಂದು ಬಗೆ ಸ್ವಯಂ ನಿವೃತ್ತಿ. ವಿ.ಆರ್.ಎಸ್. ಎಂದೇ ಜನ ಹೇಳುವುದು. ಹೆಸರಿನಲ್ಲಿ ‘ಸ್ವಯಂ’ ಇದ್ದರೂ ತಾರೀಖು ಸಂಸ್ಥೆಯದು. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ 2000-01ರಲ್ಲಿ ಇದು ಬಂದಾಗ ದೇಶದಲ್ಲಿ ಒಂದು ಲಕ್ಷದಷ್ಟು ಮಂದಿ ಹೊರಬಂದರು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಿದ್ದ ಮಂಗಳೂರು, ಉಡುಪಿಯ ಮನೆಗಳಲ್ಲಿ ಆಗ ನಡೆದ ಮಾತುಕತೆಯೆಲ್ಲ ಇದೇ. ಬಿ.ಎಸ್.ಎನ್.ಎಲ್. 2019ರ ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ವಿ.ಆರ್.ಎಸ್. ಅರ್ಜಿಗೆ ಕಿಟಕಿ ತೆರೆಯಿತು. 50 ದಾಟಿದ ಸುಮಾರು 78 ಸಾವಿರ ನೌಕರರು ಒಪ್ಪಿ, 2020ರ ಜನವರಿ 31ರಂದು ಒಂದೇ ದಿನ ಮನೆಗೆ ಹೋದರು. ಅಲ್ಲಿ ಲೆಕ್ಕ ಹೀಗಿತ್ತು: ಮುಗಿಸಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ಉಳಿದಿದ್ದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ಇಂಥ ಕೊಡುಗೆ ಬಂದಾಗ ಬಿಡಬೇಕೇ ಎಂಬ ಪ್ರಶ್ನೆಯ ಆಕಾರವೇ ಬೇರೆ. ಕೊಟ್ಟ ಮೊತ್ತ ಎಷ್ಟು ಎಂಬುದಕ್ಕಿಂತ, ಒಪ್ಪದೆ ಉಳಿದರೆ ಸಂಸ್ಥೆ ಇನ್ನು ಎಷ್ಟು ವರ್ಷ ಸಂಬಳ ಕೊಟ್ಟೀತು ಎಂಬುದನ್ನು ನೋಡಬೇಕಾಗುತ್ತದೆ.

ಮೂರನೆಯದು ಐ.ಟಿ. ಕಂಪನಿಗಳಲ್ಲಿ ಕೇಳಿಬರುವ ‘ನೀವೇ ಪೇಪರ್ ಹಾಕಿಬಿಡಿ’ ಎಂಬ ಸಲಹೆ. ಸಣ್ಣ ಮೀಟಿಂಗ್ ರೂಮು, ಎಚ್.ಆರ್.ನಿಂದ ಒಬ್ಬರು, ಮೇಜಿನ ಮೇಲೆ ನೀರಿನ ಬಾಟಲಿ, ಮುಂದೆ ಮೊದಲೇ ಟೈಪಾದ ಇಮೇಲು. ಕಳಿಸು ಗುಂಡಿ ಒತ್ತುವುದಷ್ಟೇ ಬಾಕಿ. ತೆಗೆದುಹಾಕಿದರೆ ರೆಕಾರ್ಡು ಹಾಳಾಗುತ್ತದೆ ಎಂಬ ಕಾಳಜಿಯ ಮಾತೂ ಜತೆಗಿರುತ್ತದೆ. ಕಾನೂನಿನ ಕಣ್ಣಿನಲ್ಲಿ ರಾಜೀನಾಮೆ ಬೇರೆ, ಕೆಲಸದಿಂದ ತೆಗೆಯುವುದು ಬೇರೆ. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವರನ್ನು ಕಡಿತದ ಹೆಸರಿನಲ್ಲಿ ತೆಗೆದರೆ ನೋಟಿಸು, ಪರಿಹಾರ ಕೊಡಬೇಕು. ತಾವೇ ಬರೆದುಕೊಟ್ಟವರಿಗೆ ಅದಿಲ್ಲ. ಅಂಥ ಕೋಣೆಯಲ್ಲಿ ಅಂದೇ ಉತ್ತರ ಕೊಡಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬರುವುದಕ್ಕೆ ಧೈರ್ಯ ಬೇಕು, ಅಷ್ಟೇ.

ಯಾವತ್ತು

ತಾರೀಖಿನ ಲೆಕ್ಕ ಒಣ ವಿಷಯ. ಆದರೂ ಹೆಚ್ಚು ನಷ್ಟ ಆಗುವುದು ಇಲ್ಲೇ. ಗ್ರಾಚ್ಯುಟಿಯ 5 ವರ್ಷದ ಗೆರೆ ಮೊದಲನೆಯದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಕಾಯಂ ನೌಕರರಿಗೆ ಆ ಗೆರೆ ಹಾಗೇ ಇದೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಮಾತ್ರ ಒಂದು ವರ್ಷಕ್ಕೇ ಸಿಗುತ್ತದೆ. ಐದು ದಾಟಿದ ಮೇಲೆ ಆರು ತಿಂಗಳಿಗಿಂತ ಹೆಚ್ಚಿನ ಚಿಲ್ಲರೆ ಅವಧಿ ಒಂದು ಪೂರ್ತಿ ವರ್ಷವೆಂದೇ ಎಣಿಕೆ. ಒಂಬತ್ತು ವರ್ಷ ಐದು ತಿಂಗಳಿಗೆ ಬಿಡುವವರು ಇನ್ನೆರಡು ತಿಂಗಳು ಕಾದರೆ ಹತ್ತು ವರ್ಷದ ಹಣ ಬರುತ್ತದೆ. ಪಿ.ಎಫ್. ಪಿಂಚಣಿಗೆ ಗೆರೆ 10 ವರ್ಷ, ಆದರೆ ಇದು ಬೇರೆಬೇರೆ ಕಂಪನಿಗಳ ಸೇವೆ ಕೂಡಿಸಿ ಆಗುವ ಲೆಕ್ಕ. ಕೆಲಸ ಬದಲಿಸಿದಾಗಲೆಲ್ಲ ಪಿ.ಎಫ್. ತೆಗೆದುಬಿಟ್ಟವರ ಸೇವೆ ಕೂಡಿಕೊಳ್ಳುವುದಿಲ್ಲ, ಯು.ಎ.ಎನ್. ನಂಬರಿನ ಮೂಲಕ ವರ್ಗಾಯಿಸಿಕೊಂಡವರದು ಕೂಡುತ್ತದೆ. 5 ವರ್ಷ ತುಂಬುವ ಮೊದಲು ಪಿ.ಎಫ್. ತೆಗೆದರೆ ಆದಾಯ ತೆರಿಗೆಯೂ ಬೀಳಬಹುದು.

ಕಂಪನಿಯ ವಿಮೆ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ ಎಂಬುದು ನೆನಪಾಗುವುದು ಬಹಳ ಸಲ ಆಸ್ಪತ್ರೆಯ ಕೌಂಟರಿನಲ್ಲಿ. ತಂದೆತಾಯಿಯ ಹೆಸರೂ ಅದೇ ಪಾಲಿಸಿಯಲ್ಲಿದ್ದರೆ, ಹೊಸ ಪಾಲಿಸಿ ಕೈಗೆ ಬರುವ ಮುಂಚೆ ರಾಜೀನಾಮೆಯ ಕಾಗದ ಹೋಗಕೂಡದು. ಗರ್ಭಿಣಿಯರಿಗೆ 26 ವಾರದ ಸಂಬಳಸಹಿತ ರಜೆ ಇದೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮನೆಯವರ ಒತ್ತಾಯಕ್ಕೆ ಏಳನೇ ತಿಂಗಳಲ್ಲಿ ಕೆಲಸ ಬಿಟ್ಟು ಈ ಹಕ್ಕನ್ನು ಕಳೆದುಕೊಂಡವರು ಕಡಿಮೆಯಲ್ಲ. ಬಿಡುವುದಾದರೂ ರಜೆ ಮುಗಿಸಿ ಬಿಡಬಹುದು ಎಂದು ಅವರಿಗೆ ಹೇಳುವವರು ಇರಲಿಲ್ಲ.

ಸರ್ಕಾರಿ ನೌಕರಿಯಲ್ಲಿ ಕಾಗದದ ಮೇಲೆ ಬರೆಯುವ ಪದವೇ ದುಡ್ಡು. ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ದೇವರ ಕೆಲಸ ಬಿಡುವುದಕ್ಕೂ ನಿಯಮಾವಳಿ ಇದೆ. ರಾಜ್ಯ ಸರ್ಕಾರಿ ನೌಕರರು 15 ವರ್ಷದ ಅರ್ಹತಾದಾಯಕ ಸೇವೆ ಮುಗಿಸಿ, ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಕೇಳಬಹುದು. ಅದೇ ನೌಕರ ಅದೇ ದಿನ ‘ಸ್ವಯಂ ನಿವೃತ್ತಿ’ ಎಂಬಲ್ಲಿ ‘ರಾಜೀನಾಮೆ’ ಎಂದು ಬರೆದರೆ ಹಿಂದಿನ ಸೇವೆಯೇ ಮುಟ್ಟುಗೋಲು. ಒಂದು ಇಲಾಖೆ ಬಿಟ್ಟು ಇನ್ನೊಂದು ಇಲಾಖೆಗೆ ಹೋಗುವವರು ಅರ್ಜಿಯನ್ನು ಸೂಕ್ತ ಮಾರ್ಗದಲ್ಲಿ ಕಳಿಸಿ, ಅನುಮತಿಯೊಂದಿಗೆ ರಾಜೀನಾಮೆ ಕೊಟ್ಟರೆ ಸೇವೆ ಕಡಿಯುವುದಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದವರು ಹೊಸ ಪಿಂಚಣಿ ಯೋಜನೆಯವರಾದ್ದರಿಂದ ಅವರ ಲೆಕ್ಕವೇ ಬೇರೆ. ಇವೆಲ್ಲವನ್ನೂ ಬಾಯಿಪಾಠ ಹೇಳುವ ಒಬ್ಬ ಎಫ್.ಡಿ.ಎ. ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಅವರ ಜತೆ ಕುಡಿದ ಒಂದು ಟೀ ಲಕ್ಷಾಂತರ ರೂಪಾಯಿ ಬಾಳುತ್ತದೆ.

ಬಾಂಡು ಬರೆದುಕೊಟ್ಟು ಸೇರಿದವರಿಗೆ ಇನ್ನೊಂದು ಗೆರೆ. ವಿಜಯಾ ಬ್ಯಾಂಕಿನಲ್ಲಿ ಮೂರು ವರ್ಷ ಮುಗಿಯುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿತ್ತು. 2009ರಲ್ಲಿ ಬಿಟ್ಟ ಅಧಿಕಾರಿಯೊಬ್ಬರು ಹಣ ಕಟ್ಟಿ, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರವಾಗಿ ನಿಂತಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಷರತ್ತು ಸರಿಯೆಂದಿತು. ಅಷ್ಟರಲ್ಲಿ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಗಿ ಆರು ವರ್ಷವಾಗಿತ್ತು. ಕೆಲಸದಲ್ಲಿ ಇರುವಷ್ಟು ಕಾಲಕ್ಕೆ ಕಟ್ಟುವ ಷರತ್ತು ಒಂದು. ಬಿಟ್ಟಮೇಲೂ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು ಇನ್ನೊಂದು. ಎರಡನೆಯದು 1872ರ ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ ನಿಲ್ಲುವುದಿಲ್ಲ. ಹಾಗಿದ್ದೂ ಆಫರ್ ಲೆಟರುಗಳಲ್ಲಿ ಅದು ಅಚ್ಚಾಗುತ್ತಲೇ ಇದೆ, ಹೊಸಬರು ಹೆದರುತ್ತಲೇ ಇದ್ದಾರೆ.

ಕಾಗದ ಕೊಟ್ಟಮೇಲೆ ಮನಸ್ಸು ಬದಲಾದರೆ? 1977ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಮೇ ತಿಂಗಳಲ್ಲಿ ಪತ್ರ ಬರೆದು, ಆಗಸ್ಟ್ 1ರಿಂದ ರಾಜೀನಾಮೆ ಎಂದಿದ್ದರು. ಜುಲೈ ಮಧ್ಯದಲ್ಲಿ ಅದನ್ನು ಹಿಂದೆಗೆದುಕೊಂಡರು. ಹಾಗೆ ಮಾಡಬಹುದೇ ಎಂಬ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದಿನ ತಾರೀಖು ಹಾಕಿ ಕೊಟ್ಟ ರಾಜೀನಾಮೆ ಆ ತಾರೀಖು ಬರುವವರೆಗೆ ಪಕ್ಕಾ ಆಗುವುದಿಲ್ಲ, ಅಲ್ಲಿಯವರೆಗೆ ವಾಪಸು ಪಡೆಯಬಹುದು ಎಂದು 1978ರಲ್ಲಿ ಕೋರ್ಟು ಹೇಳಿತು. ಮುಂದೆ ಅನೇಕ ನೌಕರರ ಮೊಕದ್ದಮೆಗಳಲ್ಲಿ ಈ ತೀರ್ಪು ಕೆಲಸಕ್ಕೆ ಬಂತು. ‘ತಕ್ಷಣದಿಂದ’ ಎಂದು ಬರೆಯುವವರು ಈ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಬೆಂಗಳೂರಿನ ಐ.ಟಿ. ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 90 ದಿನವಿರುವುದು ಸಾಮಾನ್ಯ. ಹೊಸ ಕಂಪನಿ ನಾಳೆಯೇ ಬಾ ಎನ್ನುತ್ತದೆ, ಹಳೆಯದು ಬಿಡುವುದಿಲ್ಲ. ಉಳಿದ ದಿನಗಳ ಸಂಬಳ ಕಟ್ಟಿ ಬಿಡಿಸಿಕೊಳ್ಳುವ ‘ಬೈ ಔಟ್’ ಈ ಎಳೆದಾಟದಿಂದಲೇ ಹುಟ್ಟಿದ್ದು. ಆ ತೊಂಬತ್ತು ದಿನ ವಿಚಿತ್ರ ಕಾಲ. ಹೊರಟುನಿಂತವರನ್ನು ಮುಖ್ಯ ಮೀಟಿಂಗಿಗೆ ಕರೆಯುವುದಿಲ್ಲ. ಕೆ.ಟಿ. ಕೊಡುವುದು, ಎಂದರೆ ತಿಳಿದದ್ದನ್ನೆಲ್ಲ ಮುಂದಿನವರಿಗೆ ಹೇಳಿಕೊಡುವುದು, ದಿನದ ಕೆಲಸ. ವರ್ಷಗಟ್ಟಲೆ ತಲೆಯಲ್ಲಿದ್ದದ್ದು ಒಂದು ಎಕ್ಸೆಲ್ ಹಾಳೆಗೆ ಇಳಿದಾಗ ಅದು ನಲವತ್ತು ಸಾಲೂ ಆಗಲಿಲ್ಲವಲ್ಲ ಎಂದು ಕೆಲವರಿಗೆ ಬೇಜಾರು. ಬಿಟ್ಟದ್ದೇ ಸರಿಯಾಯಿತು ಎಂದು ಇನ್ನು ಕೆಲವರಿಗೆ ನಿರಾಳ.

ಸರ್ಕಾರಿ ಕಚೇರಿಯಲ್ಲಿ 60 ತುಂಬಿ ನಿವೃತ್ತರಾದವರಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ರಾಜೀನಾಮೆ ಕೊಟ್ಟವರಿಗೆ ಸಿಗುವುದು ನೋ ಡ್ಯೂಸ್ ಫಾರಂ. ಅದನ್ನು ಹಿಡಿದುಕೊಂಡು ಲೈಬ್ರರಿ, ಕ್ಯಾಂಟೀನು, ಅಕೌಂಟ್ಸು, ಲ್ಯಾಪ್‌ಟಾಪ್ ಕೊಟ್ಟ ವಿಭಾಗ ಎಲ್ಲ ಕಡೆ ಸಹಿ ಹಾಕಿಸಿಕೊಂಡು ಬರಬೇಕು. ಹೊಸ ವೇತನ ಸಂಹಿತೆಯ ಪ್ರಕಾರ ಬಿಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸೇರಬೇಕು. ‘ಎಫ್ ಅಂಡ್ ಎಫ್’ ಎಂದು ಕರೆಯುವ ಪೂರ್ತಿ ಲೆಕ್ಕ ತಿಂಗಳುಗಟ್ಟಲೆ ಎಳೆಯುತ್ತಿದ್ದ ಕಂಪನಿಗಳು ಈ ನಿಯಮಕ್ಕೆ ಇನ್ನೂ ಹೊಂದಿಕೊಳ್ಳಬೇಕಿದೆ. ರಿಲೀವಿಂಗ್ ಲೆಟರು, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟು, ಕೊನೆಯ ಮೂರು ತಿಂಗಳ ಪೇ ಸ್ಲಿಪ್ಪು ಇಷ್ಟನ್ನು ಕಂಪನಿಯ ಇಮೇಲ್ ಬಂದಾಗುವ ಮೊದಲೇ ಸ್ವಂತದ ಇಮೇಲಿಗೆ ತರಿಸಿಕೊಂಡಿರಬೇಕು. ಪಿ.ಎಫ್. ಖಾತೆಯಲ್ಲಿ ಬಿಟ್ಟ ತಾರೀಖನ್ನು ನಮೂದಿಸುವುದು ಮಾಲೀಕರ ಕೆಲಸ. ಅವರು ಮರೆತರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳ ನಂತರ ನೌಕರರೇ ಪೋರ್ಟಲಿಗೆ ಹೋಗಿ, ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಒ.ಟಿ.ಪಿ. ಹಾಕಿ, ಆ ತಾರೀಖನ್ನು ತುಂಬಬಹುದು. ಒಂದು ಸಲ ತುಂಬಿದ ಮೇಲೆ ಅದನ್ನು ತಿದ್ದುವುದು ಸುಲಭವಲ್ಲ. ಹಾಗಾಗಿ ರಿಲೀವಿಂಗ್ ಲೆಟರಿನಲ್ಲಿರುವ ದಿನವನ್ನೇ ನೋಡಿಕೊಂಡು ಹಾಕಬೇಕು.